ಎಂ.ಎಸ್. ಆದಮೇಲೂ ಇನ್ನೊಂದು ವರ್ಷ ಯಾಕೆ?

ಕಲಬುರಗಿಯ ಸೇಡಂ ರಸ್ತೆಯಲ್ಲಿ ಆಸ್ಪತ್ರೆ ಬೋರ್ಡುಗಳಿಗೆ ಬರವಿಲ್ಲ. ಮೊದಲೆಲ್ಲ ಎಲುಬಿನ ಡಾಕ್ಟರ ಹೆಸರಿನ ಕೆಳಗೆ ‘ಎಂ.ಎಸ್. ಆರ್ಥೋ’ ಅಂತಿದ್ದರೆ ಸಾಕಾಗುತ್ತಿತ್ತು. ಈಗೀಗ ಅದರ ಕೆಳಗೆ ಇನ್ನೊಂದು ಸಾಲು ಕಾಣುತ್ತದೆ: ‘ಫೆಲೋಶಿಪ್ ಇನ್ ಟ್ರಾಮಾ’. ಒಮ್ಮೆ ಚೀಟಿ ಹಿಡಿದು ಸರದಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿದ್ದ ಅಜ್ಜ ಅದನ್ನೇ ತೋರಿಸಿ, "ಇದಕ್ಕೇನು ಬಹುಮಾನ ಬಂದದ ಏನ್ರಿ?" ಅಂತ ಕೇಳಿದರು.

ಬಹುಮಾನ ಅಲ್ಲ. ಎಂ.ಎಸ್. ಮುಗಿಸಿದ ಸರ್ಜನ್ ಮತ್ತೆ ಒಂದೆರಡು ವರ್ಷ ಇನ್ನೊಬ್ಬ ಸರ್ಜನ್ ಕೈಕೆಳಗೆ ಶಿಷ್ಯನಾಗಿ ನಿಲ್ಲುವುದು. ಅಷ್ಟೂ ದಿನ ನೋಡುವುದು ಅಪಘಾತದ ಪೆಟ್ಟುಗಳನ್ನೇ. ಮೂರು ವರ್ಷ ಎಲುಬಿನ ಬಗ್ಗೆಯೇ ಓದಿ ಬಂದವರಿಗೆ ಇದು ಯಾಕೆ ಬೇಕು ಅಂತ ಅಜ್ಜನಿಗೆ ಅನ್ನಿಸಿತು. ನನಗೂ ಅನ್ನಿಸಿತ್ತು. ಇದರ ಬೆನ್ನು ಹತ್ತಿದರೆ ಕಥೆ ಶುರುವಾಗುವುದು ಎಲುಬು ಕಟ್ಟುವವರ ಮನೆಯಿಂದ.

ನಮ್ಮ ಕಾಕಾ ಸಣ್ಣವರಿದ್ದಾಗ ಹುಣಸೆ ಮರದಿಂದ ಬಿದ್ದು ಬಲಗೈ ಮುರಿದುಕೊಂಡರು, ಮೊಣಕೈಗೆ ಸ್ವಲ್ಪ ಮೇಲೆ. ಊರಲ್ಲಿ ಎಲುಬು ಕಟ್ಟುವವರು ಬಿದಿರಿನ ಪಟ್ಟಿ ಇಟ್ಟು ಬಿಗಿಯಾಗಿ ಬಟ್ಟೆ ಸುತ್ತಿದರು. ರಾತ್ರಿಯೆಲ್ಲ ಅಳು. ಬೆರಳು ಊದಿ ನೀಲಿಯಾದವು. "ಡಾಕ್ಟರ್ ಬಲ್ಲಿ ಒಯ್ದರ ಕೈ ಕತ್ತರಸ್ತಾರ" ಅಂತ ಅಜ್ಜಿ ಬಿಡಲಿಲ್ಲ. ಎಲುಬೇನೋ ಕೂಡಿತು. ಬೆರಳುಗಳು ಮಾತ್ರ ಕೊಕ್ಕೆಯ ಹಾಗೆ ಮಡಚಿಕೊಂಡೇ ಉಳಿದವು. ಕಾಕಾ ಇವತ್ತಿಗೂ ರೊಟ್ಟಿ ಮುರಿಯುವುದು ಎಡಗೈಯಲ್ಲಿ. ಬಿಗಿ ಕಟ್ಟಿನೊಳಗೆ ರಕ್ತ ಓಡದಿದ್ದರೆ ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ, ಆಮೇಲೆ ಸುಕ್ಕುಗಟ್ಟಿ ಬೆರಳನ್ನು ಎಳೆದುಕೊಳ್ಳುತ್ತದೆ. ಜರ್ಮನಿಯ ಸರ್ಜನ್ ಫೋಲ್ಕ್‌ಮನ್ ಇದನ್ನು 1881ರಲ್ಲೇ ಬರೆದಿಟ್ಟಿದ್ದರು. ಆ ಸುದ್ದಿ ನಮ್ಮ ಹಳ್ಳಿಗೆ ಬರಲು ಎಷ್ಟು ಕಾಲ ಹಿಡಿಯಿತು ನೋಡಿ.

ಹಾಗಂತ ಎಲುಬು ಕಟ್ಟುವವರನ್ನು ಬೈದು ಮುಂದೆ ಹೋಗುವ ಹಾಗಿಲ್ಲ. ಇವತ್ತಿನ ಆರ್ಥೋಪೆಡಿಕ್ಸ್‌ನ ಒಂದು ಬೇರು ಅಂಥದ್ದೇ ಮನೆತನದಲ್ಲಿದೆ. ಲಿವರ್‌ಪೂಲ್‌ನಲ್ಲಿ ಡಾಕ್ಟರಾಗಿದ್ದ ಹ್ಯೂ ಓವನ್ ಥಾಮಸ್ ಅವರ ಅಪ್ಪ ವೇಲ್ಸ್ ಕಡೆಯವರು, ಎಲುಬು ಕಟ್ಟುವವರು. ಮಗ ವೈದ್ಯ ಓದಿದ, ಮನೆಯ ಕೈಗುಣವನ್ನೂ ಬಿಡಲಿಲ್ಲ. ಮುರಿದ ಕಾಲನ್ನು ಎಳೆದು ಅಲುಗದ ಹಾಗೆ ಹಿಡಿಯುವ ಅವರ ಕಬ್ಬಿಣದ ಚೌಕಟ್ಟು ‘ಥಾಮಸ್ ಸ್ಪ್ಲಿಂಟ್’ ಅನ್ನುವ ಹೆಸರಲ್ಲಿ ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿದೆ.

ಥಾಮಸ್ ಅವರ ಹೆಂಡತಿ ಕಡೆಯ ಸಂಬಂಧದ ಹುಡುಗ ರಾಬರ್ಟ್ ಜೋನ್ಸ್ ಅವರ ಬಳಿಯೇ ಕೆಲಸ ಕಲಿತರು. 1888ರಲ್ಲಿ ಮ್ಯಾಂಚೆಸ್ಟರ್ ಹಡಗು ಕಾಲುವೆ ತೋಡುವ ಕೆಲಸ ನಡೆದಿತ್ತು. ಸಾವಿರಾರು ಕೂಲಿಗಳು, ದಿನಾ ಅಪಘಾತ. ಜೋನ್ಸ್ ಕಾಲುವೆ ಉದ್ದಕ್ಕೂ ಮೂರು ಆಸ್ಪತ್ರೆ ಮಾಡಿ, ನಡುನಡುವೆ ಪ್ರಥಮ ಚಿಕಿತ್ಸೆಯ ಠಾಣೆಗಳನ್ನಿಟ್ಟರು. ಶಹಾಬಾದ್‌ನ ಕಲ್ಲಿನ ಖಣಿ, ವಾಡಿ, ಸೇಡಂ ಕಡೆಯ ಸಿಮೆಂಟ್ ಫ್ಯಾಕ್ಟರಿ ನೋಡಿದವರಿಗೆ ಆ ಲೆಕ್ಕಾಚಾರ ತಟ್ಟನೆ ಅರ್ಥವಾಗುತ್ತದೆ. ಪೆಟ್ಟು ಬೀಳುವ ಜಾಗದ ಹತ್ತಿರವೇ ಚಿಕಿತ್ಸೆ ಇರಬೇಕು, ಅಲ್ವಾ?

ಆಮೇಲೆ ಮೊದಲ ಮಹಾಯುದ್ಧ. ಗುಂಡು ತಗಲಿ ತೊಡೆ ಎಲುಬು ಮುರಿದರೆ ಹತ್ತರಲ್ಲಿ ಎಂಟು ಸೈನಿಕರು ಸಾಯುತ್ತಿದ್ದರು ಅನ್ನುವುದು ಆಗಿನ ಸೇನಾ ಡಾಕ್ಟರುಗಳ ಲೆಕ್ಕ. ಥಾಮಸ್ ಸ್ಪ್ಲಿಂಟ್ ಬಂದ ಮೇಲೆ ಅದು ಎರಡಕ್ಕಿಂತ ಕೆಳಗೆ ಇಳಿಯಿತು. 1917ರಲ್ಲಿ ಅಮೆರಿಕದಿಂದ ಇಪ್ಪತ್ತು ಮಂದಿ ಯುವ ಸರ್ಜನ್‌ಗಳು ಜೋನ್ಸ್ ಅವರ ಆಸ್ಪತ್ರೆಗಳಿಗೆ ಬಂದರು. ಗಾಯಾಳುಗಳನ್ನು ನೋಡುತ್ತ, ನೋಡುತ್ತಲೇ ಕಲಿತರು. ಆಗ ಅದಕ್ಕೆ ಫೆಲೋಶಿಪ್ ಅನ್ನುವ ಹೆಸರಿರಲಿಲ್ಲ, ಆದರೆ ಕೆಲಸ ಅದೇ.

ನಮ್ಮ ಕಡೆ "ರಾಡ್ ಹಾಕ್ಯಾರ" ಅಂತೀವಲ್ಲ, ಆ ರಾಡು ಜರ್ಮನಿಯ ಕ್ಯುಂಚರ್ ಅವರದು, 1939ರದು. "ಪ್ಲೇಟ್ ಹಾಕ್ಯಾರ" ಅನ್ನುವ ಪ್ಲೇಟಿನ ಕಥೆ ಸ್ವಲ್ಪ ಉದ್ದ. ಪ್ಲೇಟ್ ಮೊದಲೂ ಇತ್ತು. ಆದರೆ ಒಬ್ಬೊಬ್ಬರು ಒಂದೊಂದು ಥರ ಹಾಕುತ್ತಿದ್ದರು, ಕೀವಾಗುತ್ತಿತ್ತು, ಕಿತ್ತು ಬರುತ್ತಿತ್ತು. 1958ರಲ್ಲಿ ಸ್ವಿಟ್ಜರ್ಲೆಂಡಿನ ಬೀಲ್ ಪಟ್ಟಣದಲ್ಲಿ ಮಾರಿಸ್ ಮ್ಯುಲ್ಲರ್ ಮತ್ತು ಗೆಳೆಯರು ಎಒ ಅನ್ನುವ ಗುಂಪು ಕಟ್ಟಿದರು. ಎಲ್ಲರೂ ಒಂದೇ ಅಳತೆಯ ಸಲಕರಣೆ ಬಳಸಬೇಕು, ಮಾಡಿದ ಪ್ರತಿ ಆಪರೇಷನ್ನಿನ ದಾಖಲೆ ಇಡಬೇಕು, ಮತ್ತೆ ಬೇರೆಯವರಿಗೆ ಕಲಿಸಬೇಕು. 1960ರ ಡಿಸೆಂಬರ್‌ನಲ್ಲಿ ದಾವೋಸ್‌ನಲ್ಲಿ ಮೊದಲ ತರಬೇತಿ ನಡೆಯಿತು. ಸರ್ಜನ್‌ಗಳು ಬರೀ ಭಾಷಣ ಕೇಳಲಿಲ್ಲ, ಎಲುಬು ಕೈಯಲ್ಲಿ ಹಿಡಿದು ಸ್ಕ್ರೂ ಹಾಕಿದರು.

ಆ ಪದ್ಧತಿ ಇವತ್ತಿಗೂ ಹಾಗೇ ಇದೆ. ಒಂದು ಹಾಲ್‌ನಲ್ಲಿ ಸಾಲಾಗಿ ಟೇಬಲ್, ಪ್ರತಿ ಟೇಬಲ್‌ಗೆ ಪ್ಲಾಸ್ಟಿಕ್ ಎಲುಬು, ಡ್ರಿಲ್, ಪ್ಲೇಟ್. ಬಡಿಗೇರರ ಅಂಗಡಿಯೇ. ಎಲುಬು ಒಳಗೆ ಟೊಳ್ಳು. ಡ್ರಿಲ್ ಮೊದಲ ಗೋಡೆ ದಾಟಿದಾಗ ಸದ್ದು ಸಡಿಲವಾಗುತ್ತದೆ, ಎದುರಿನ ಗೋಡೆ ಸಿಕ್ಕಾಗ ಮತ್ತೆ ಗಟ್ಟಿಯಾಗುತ್ತದೆ. ಅದನ್ನು ದಾಟಿದ ಚಣಕ್ಕೇ ಕೈ ನಿಲ್ಲಬೇಕು. ಒಂದು ಬೆರಳಿನಷ್ಟು ಮುಂದೆ ನುಗ್ಗಿದರೆ ಆಚೆ ರಕ್ತನಾಳ ಇರಬಹುದು. ಪ್ಲಾಸ್ಟಿಕ್ ಎಲುಬಿನಲ್ಲಾದರೆ ಟೇಬಲ್‌ಗೆ ತೂತು ಬೀಳುತ್ತದೆ, ಅಷ್ಟೇ.

ಆದರೆ ಎರಡು ಮೂರು ದಿನದ ತರಬೇತಿಯಲ್ಲಿ ಕಲಿಯಲಾಗದ ಪೆಟ್ಟುಗಳಿವೆ. ಸೊಂಟದ ಬಟ್ಟಲು ಒಡೆಯುವುದು ಅಂಥದ್ದು. ತೊಡೆ ಎಲುಬಿನ ಗುಂಡು ಕೂರುವ ಜಾಗ ಅದು. ಬಸ್ಸೋ ಲಾರಿಯೋ ಬೈಕಿಗೆ ಗುದ್ದಿದಾಗ ಒಡೆಯುತ್ತದೆ. ಪ್ಯಾರಿಸ್ಸಿನ ಎಮಿಲ್ ಲೆಟೂರ್ನೆಲ್ ತಮ್ಮ ಗುರು ಜುಡೆ ಜೊತೆ ಸೇರಿ 1964ರಲ್ಲಿ ಇದು ಎಷ್ಟು ಥರ ಒಡೆಯುತ್ತದೆ, ಯಾವುದಕ್ಕೆ ಯಾವ ಕಡೆಯಿಂದ ಕೊಯ್ಯಬೇಕು ಅಂತ ವಿಂಗಡಿಸಿಟ್ಟರು. ಒಂದೆರಡು ಮಿಲಿಮೀಟರ್ ಏರುಪೇರಾಗಿ ಕೂತರೂ ಸಂದು ಬೇಗ ಸವೆಯುತ್ತದೆ. ಎರಡು ಮೂರು ವಾರ ತಡವಾದರೆ ತುಂಡುಗಳು ಅಡ್ಡಾದಿಡ್ಡಿ ಬೆಸೆದುಕೊಂಡು ಕೆಲಸ ಇನ್ನೂ ಕಷ್ಟ. ಹಾಗಾಗಿ ಬೇರೆ ದೇಶದ ಸರ್ಜನ್‌ಗಳು ಲೆಟೂರ್ನೆಲ್ ಹತ್ತಿರ ಹೋಗಿ ನಿಂತು ಕಲಿತರು. ನಮ್ಮಲ್ಲಿ ಎಂ.ಎಸ್.ನ ಮೂರು ವರ್ಷದಲ್ಲಿ ಮಕ್ಕಳ ಎಲುಬು, ಬೆನ್ನು, ಮಂಡಿ ಬದಲಾವಣೆ, ಎಲುಬಿನ ಟಿ.ಬಿ. ಎಲ್ಲ ಬರಬೇಕು. ಅದರಲ್ಲಿ ಸೊಂಟದ ಬಟ್ಟಲು ಎಷ್ಟು ಸಲ ಕೈಗೆ ಸಿಕ್ಕೀತು?

ಇದಕ್ಕಿಂತ ಮುಖ್ಯವಾದ ಪಾಠ ಇನ್ನೊಂದಿದೆ, ನನ್ನ ಪ್ರಕಾರ. ಯಾವಾಗ ಆಪರೇಷನ್ ಮಾಡಬಾರದು ಅನ್ನುವುದು. 1989ರಲ್ಲಿ ಅಮೆರಿಕದ ಡಲ್ಲಾಸ್‌ನ ಅಧ್ಯಯನವೊಂದು ತೊಡೆ ಎಲುಬನ್ನು ಮೊದಲ 24 ಗಂಟೆಯಲ್ಲೇ ಕೂಡಿಸಿದರೆ ಶ್ವಾಸಕೋಶದ ತೊಂದರೆ ಕಡಿಮೆ ಅಂತ ತೋರಿಸಿತು. ಎಲ್ಲರೂ ಆ ದಾರಿ ಹಿಡಿದರು. ಸ್ವಲ್ಪ ವರ್ಷದಲ್ಲೇ ಜರ್ಮನಿಯ ಹ್ಯಾನೋವರ್ ಕಡೆಯಿಂದ ಎಚ್ಚರಿಕೆ ಬಂತು. ರಕ್ತ ಸುರಿದು ಮೈ ತಣ್ಣಗಾದವನಿಗೆ ಉದ್ದದ ಆಪರೇಷನ್ ಅಂದರೆ ಎರಡನೇ ಅಪಘಾತ. ಮೊದಲು ಹೊರಗಿನಿಂದ ರಾಡ್ ಕಟ್ಟಿ ಅಲುಗದ ಹಾಗೆ ಮಾಡಿ, ಜೀವ ನಿಂತ ಮೇಲೆ ಒಳಗಿನ ಕೆಲಸ. ನಮ್ಮ ಜನಕ್ಕೆ ಇದು ಹಿಡಿಸುವುದಿಲ್ಲ. "ಅರ್ಧಂಬರ್ಧ ಆಪರೇಷನ್ ಮಾಡಿ ಬಿಟ್ಟಾರ" ಅಂತ ಐಸಿಯು ಬಾಗಿಲಲ್ಲಿ ಜಗಳ ತೆಗೆಯುತ್ತಾರೆ. ಇವತ್ತು ಬೇಡ ಅಂತ ಧೈರ್ಯವಾಗಿ ಹೇಳಲು, ಹಾಗೆ ಹೇಳಿದವರ ಪಕ್ಕ ನಿಂತು ನೋಡಿರಬೇಕು.

ಚರ್ಮ ಹರಿದು ಎಲುಬು ಹೊರಗೆ ಬಂದ ಕಾಲಿನ ವಿಷಯದಲ್ಲಿ ಪಾಠ ಹೇಳಿದ್ದು ನಮ್ಮ ಪಕ್ಕದ ರಾಜ್ಯವೇ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಖರನ್ ಮತ್ತು ತಂಡ ಚರ್ಮ, ಎಲುಬು, ಸ್ನಾಯು ಮೂರಕ್ಕೂ ಒಂದರಿಂದ ಐದರವರೆಗೆ ಅಂಕ ಕೊಡುವ ಪದ್ಧತಿ ಮಾಡಿತು. ವಯಸ್ಸು, ಸಕ್ಕರೆ ಕಾಯಿಲೆಯಂಥ ತೊಡಕಿದ್ದರೆ ಎರಡೆರಡು ಅಂಕ ಜಾಸ್ತಿ. ಒಟ್ಟು 14ರ ಒಳಗಿದ್ದರೆ ಕಾಲು ಉಳಿಸಲು ನೋಡಬೇಕು. 17 ಅಥವಾ ಮೇಲಾದರೆ ಸಾಮಾನ್ಯವಾಗಿ ತೆಗೆಯುವುದೇ ಲೇಸು. ನಡುವಿನ 15, 16 ಇದೆಯಲ್ಲ, ಅಲ್ಲಿ ಲೆಕ್ಕ ಕೈಕೊಡುತ್ತದೆ, ಅನುಭವವೇ ಹೇಳಬೇಕು.

ಈಗ ನಮ್ಮೂರಿಗೆ ಬರೋಣ. 1948ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು, ದೊಡ್ಡ ಆಸ್ಪತ್ರೆ ಅಂದರೆ ಹೈದರಾಬಾದ್. ಅಲ್ಲಿನ ದೊಡ್ಡಾಸ್ಪತ್ರೆ, ಈಗಿನ ನಿಮ್ಸ್, ಶುರುವಾಗಿದ್ದೇ ನಿಜಾಮ್ಸ್ ಆರ್ಥೋಪೆಡಿಕ್ ಆಸ್ಪತ್ರೆ ಅಂತ. ರಾಜ್ಯ ಬದಲಾಯಿತು, ಅಭ್ಯಾಸ ಬದಲಾಗಲಿಲ್ಲ. ಎಲುಬು ಮುರಿದರೆ ಇಂದಿಗೂ ಒಂದು ಕಾರು ಹೈದರಾಬಾದಿಗೆ, ಒಂದು ಸೊಲ್ಲಾಪುರಕ್ಕೆ. ಕಲಬುರಗಿಗೆ ಮಹಾದೇವಪ್ಪ ರಾಂಪುರೆ ಮೆಡಿಕಲ್ ಕಾಲೇಜು ಬಂದಿದ್ದು 1963ರಲ್ಲಿ. ಸರ್ಕಾರಿ ಕಾಲೇಜಿಗೆ ಮತ್ತೆ ಐವತ್ತು ವರ್ಷ ಕಾಯಬೇಕಾಯಿತು. ಬೀದರ್‌ಗೆ 2007, ಯಾದಗಿರಿಗೆ 2022. ಸೀಟು ಬಂದವು, ಡಾಕ್ಟರೂ ಆದರು. ಫೆಲೋಶಿಪ್‌ಗೆ ಮಾತ್ರ ಬೆಂಗಳೂರು, ಕೊಯಮತ್ತೂರು ಅಂತ ಹೊರಗೆ ಹೋಗುವುದೇ ರೂಢಿ. ಹೋದವರಲ್ಲಿ ಹಲವರು ಅಲ್ಲೇ ಉಳಿಯುತ್ತಾರೆ. ಸುಮ್ನೆ ಅವರನ್ನು ದೂರಿ ಪ್ರಯೋಜನವಿಲ್ಲ. ಕಲಿತ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಮಧ್ಯರಾತ್ರಿ ರಕ್ತ ಸಿಗಬೇಕು, ಅರಿವಳಿಕೆಯವರು, ಪ್ಲಾಸ್ಟಿಕ್ ಸರ್ಜನ್, ಆಪರೇಷನ್ ನಡುವೆಯೇ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಮಷೀನು ನಡೆಸುವವರು ಎಲ್ಲರೂ ಬೇಕು.

ಇನ್ನು ಬೋರ್ಡಿನ ಆ ಸಾಲು. ಎಲ್ಲ ಫೆಲೋಶಿಪ್ ಒಂದೇ ತೂಕದ್ದಲ್ಲ. ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಎಫ್‌ಎನ್‌ಬಿ ಅನ್ನುವ ಫೆಲೋಶಿಪ್‌ಗೆ ಪ್ರವೇಶ ಪರೀಕ್ಷೆ ಇದೆ, ಎರಡು ವರ್ಷ ದುಡಿಯಬೇಕು. ಕೆಲವು ಆಸ್ಪತ್ರೆಗಳು ತಾವೇ ಒಂದು ವರ್ಷದ್ದು ನಡೆಸುತ್ತವೆ. ಎಒ ಕೊಡುವುದರಲ್ಲಿ ಕೆಲವೇ ವಾರ ಹೋಗಿ ನೋಡಿ ಬರುವಂಥದ್ದೂ ಇದೆ. ಬೋರ್ಡಿನಲ್ಲಿ ಎಲ್ಲಕ್ಕೂ ಒಂದೇ ಅಕ್ಷರ, ಒಂದೇ ಬಣ್ಣ. ಎಷ್ಟು ದಿನದ್ದು, ಎಲ್ಲಿ ಅಂತ ಕೇಳಿದರೆ ತಪ್ಪೇನಿಲ್ಲ.

ಕಲಿತು ವಾಪಸ್ ಬಂದವರು ಮಾಡಬಹುದಾದ ಒಂದು ಸಣ್ಣ ಕೆಲಸಕ್ಕೆ ಮಷೀನೂ ಬೇಡ, ದುಡ್ಡೂ ಬೇಡ. ಸೊಂಟದ ಎಲುಬು ತೆರೆದುಕೊಂಡವರಿಗೆ ಒಳಗೇ ರಕ್ತ ಸೋರುತ್ತದೆ. ಜೇವರ್ಗಿಯಲ್ಲೋ ಚಿತ್ತಾಪುರದಲ್ಲೋ 108ಕ್ಕೆ ಹತ್ತಿಸುವ ಮೊದಲು ಒಂದು ಬೆಡ್‌ಶೀಟ್ ಮಡಚಿ ಬಿಗಿಯಾಗಿ ಸುತ್ತಿದರೆ ದಾರಿಯಲ್ಲಿ ಜೀವ ಹಿಡಿಯಬಹುದು. ಗೊತ್ತಿಲ್ಲದವರು ಪಂಚೆ ಕಟ್ಟುವ ಜಾಗಕ್ಕೆ, ಅಂದರೆ ಹೊಟ್ಟೆಗೆ ಕಟ್ಟಿಬಿಡುತ್ತಾರೆ. ಕಟ್ಟಬೇಕಾದ್ದು ಅದಕ್ಕಿಂತ ಕೆಳಗೆ, ತೊಡೆ ಶುರುವಾಗುವಲ್ಲಿ ಪಕ್ಕಕ್ಕೆ ಕೈಗೆ ಸಿಗುವ ಗಟ್ಟಿ ಗಂಟಿನ ಮೇಲೆ. ಮಂಡಿಗಳನ್ನು ಜೋಡಿಸಿ, ಆಕಡೆ ಒಬ್ಬರು ಈಕಡೆ ಒಬ್ಬರು ಎಳೆದು ಗಂಟು ಹಾಕಬೇಕು.