ಮಳೆಯನ್ನು ಒಳಗೆ ಬಿಟ್ಟುಕೊಳ್ಳುವ ಮನೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅಂಥ ಸೀಮೆಯಲ್ಲೂ ನಮ್ಮ ಹಿರಿಯರು ಮನೆಯ ನಟ್ಟನಡುವೆ ಮಾಡು ಹಾಕದೆ ತೊಟ್ಟಿ, ಅಂದರೆ ತೆರೆದ ಒಳಂಗಳ, ಬಿಟ್ಟರು. ಮಲೆನಾಡು, ಕರಾವಳಿಯ ದೊಡ್ಡ ಬೇಸಾಯದ ಮನೆಗಳಲ್ಲಿ ತೊಟ್ಟಿಯ ಸುತ್ತ ಜಗಲಿ, ಅದರಾಚೆ ಕೋಣೆಗಳು. ಸುರಿಯುವ ಮಳೆಯನ್ನು ಮನೆಯೊಳಗೇ ಬಿಟ್ಟುಕೊಂಡದ್ದು ಯಾಕೆ?

ಉತ್ತರ ಹೊರಗೋಡೆಯಲ್ಲಿದೆ. ಎರಚಲು ತಡೆಯಬೇಕಾದರೆ ಸೂರು ತಗ್ಗಿರಬೇಕು, ಕಿಟಕಿ ಸಣ್ಣದಿರಬೇಕು. ಆದರೆ ಆಗ ಒಳಗೆ ಕತ್ತಲೆ, ಥಂಡಿ. ಕೂಡು ಕುಟುಂಬದ ಅಡುಗೆಮನೆ ಹೊಗೆ, ಬಚ್ಚಲೊಲೆಯ ಹೊಗೆ ಬೇರೆ. ಹೊರಗಿನಿಂದ ಬರಲಾಗದ ಗಾಳಿ, ಬೆಳಕು ನಡುವಿನಿಂದಲೇ ಬರಬೇಕು, ಅಲ್ವಾ?

ಬಿಸಿಯಾದ ಗಾಳಿ ಹಗುರಾಗಿ ಮೇಲೇರುತ್ತದೆ. ಹಗಲು ಅದು ತೊಟ್ಟಿಯಿಂದ ಹೊರಗೆ ಹೋಗುತ್ತಿದ್ದಂತೆ, ನೆರಳಿನ ಕಡೆಯ ಬಾಗಿಲುಗಳಿಂದ ತಂಪು ಗಾಳಿ ಒಳಗೆ ಬರುತ್ತದೆ. ರಾತ್ರಿ ಹೆಂಚು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಅದಕ್ಕೆ ತಾಗಿ ತಣ್ಣಗಾದ ಗಾಳಿ ಭಾರವಾಗಿ ತೊಟ್ಟಿಗೆ ಇಳಿಯುತ್ತದೆ. ಬಿಸಿಲೇ ಕಾಣದ ಆಷಾಢದಲ್ಲಿ ಒಲೆಯ ಶಾಖವೇ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ.

ಬಿದ್ದ ನೀರಿಗೂ ದಾರಿ ಇದೆ. ತೊಟ್ಟಿಯ ನೆಲ ಜಗಲಿಗಿಂತ ತಗ್ಗು. ಹಾಸುಗಲ್ಲು ಒಂದು ಮೂಲೆಗೆ ಸ್ವಲ್ಪ ವಾಲಿರುತ್ತದೆ, ಅಲ್ಲಿಂದ ನೀರು ಮನೆಯಡಿಯ ಕಾಲುವೆಯಲ್ಲಿ ಹೊರಗೆ ಹರಿಯುತ್ತದೆ. ಬಡಗಿಯ ಕೈಚಳಕ ನೋಡಬೇಕೆಂದರೆ ಒಳಗಿನ ಎರಡು ಮಾಡು ಕೂಡುವ ಮೂಲೆ ನೋಡಿ. ಎರಡೂ ಕಡೆಯ ನೀರು ಅಲ್ಲಿಗೇ ಬರುತ್ತದೆ, ಸೋರುವುದೂ ಮೊದಲು ಅಲ್ಲೇ.

ಸಾಮಾನೆಲ್ಲ ಸುತ್ತಮುತ್ತಲದ್ದು. ಕರಾವಳಿಯ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು, ನೆಲದಡಿ ಮೆತ್ತಗಿರುತ್ತದೆ, ಕೊಡಲಿಯಲ್ಲೇ ಕಡಿಯಬಹುದು. ಹೊರಗೆ ತೆಗೆದಿಟ್ಟರೆ ಒಣಗಿ ಗಟ್ಟಿಯಾಗುತ್ತದೆ. ಬಾಗಿಲು, ಕಂಬಕ್ಕೆ ಹಲಸು. ಮಾಡಿಗೆ ಮೊದಲು ಹುಲ್ಲು, ಸೋಗೆ ಅಥವಾ ಕೈಹೆಂಚು. ಒಂದಕ್ಕೊಂದು ಕಚ್ಚಿಕೊಳ್ಳುವ ಮಂಗಳೂರು ಹೆಂಚು ಬಂದದ್ದು 1865ರಲ್ಲಿ ಬಾಸೆಲ್ ಮಿಷನ್ ಕಾರ್ಖಾನೆ ಶುರುವಾದ ಮೇಲೆ.

ತೊಲೆ, ಕಂಬಗಳನ್ನು ಕೂಡಿಸಿದ್ದು ಮೊಳೆಯಿಂದಲ್ಲ, ಗೂಟ ಮತ್ತು ಕಚ್ಚುಗಳಿಂದ. ಮಳೆಗಾಲದಲ್ಲಿ ಮರ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಕಚ್ಚು ಅದಕ್ಕೆ ಹೊಂದಿಕೊಳ್ಳುತ್ತದೆ, ಮೊಳೆ ತುಕ್ಕು ಹಿಡಿಯುತ್ತದೆ. ಬೇಕೆಂದರೆ ಬಿಚ್ಚಲೂಬಹುದು. ವಿಜಯನಾಥ ಶೆಣೈ ಅವರು ಹಾಳುಬೀಳುತ್ತಿದ್ದ ಮನೆಗಳನ್ನು ಬಿಚ್ಚಿಸಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದ್ದು ಇಂಥ ಕಟ್ಟೋಣದಿಂದಲೇ ಸಾಧ್ಯವಾಯಿತು.

ಈಗ ಹಲವರು ತೊಟ್ಟಿಗೆ ಶೀಟು ಹೊದಿಸುತ್ತಾರೆ. ಜಗಲಿ ಒದ್ದೆಯಾಗುವ ಕಿರಿಕಿರಿ ಅರ್ಥವಾಗುತ್ತದೆ. ಆದರೆ ಸಂದಿಯೇ ಬಿಡದೆ ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ, ಬಟ್ಟೆ, ಗೋಡೆ, ಮರ ಎಲ್ಲಕ್ಕೂ ಬೂಸ್ಟು ಬರುತ್ತದೆ. ಹಳೇ ಸುಣ್ಣದ ಗಾರೆ ಕಿತ್ತು ಸಿಮೆಂಟು ಬಳಿದರೂ ಅಷ್ಟೇ, ಗೋಡೆ ಹೀರಿದ ನೀರು ಸುಲಭವಾಗಿ ಆರುವುದಿಲ್ಲ. ಶೀಟು ಹಾಕಲೇಬೇಕೆಂದರೆ ಮಾಡಿಗಿಂತ ಎತ್ತರಿಸಿ, ನಾಲ್ಕೂ ಕಡೆ ಗಾಳಿಗೆ ಜಾಗ ಬಿಟ್ಟು ಹಾಕಿಸಿ. ಗೋಡೆ ರಿಪೇರಿಗೆ ಸುಣ್ಣವನ್ನೇ ಬಳಸಿ.