ಜೀನ್ ಚಿಕಿತ್ಸೆ ಕೊಟ್ಟರೆ ಸತ್ತ ನರಕೋಶ ಮತ್ತೆ ಹುಟ್ಟುತ್ತದೆಯೇ?

ಇಲ್ಲ. ಹುಟ್ಟುವುದಿಲ್ಲ.

ಎಸ್‌ಎಂಎ (ಹೆಚ್ಚಾಗಿ ಮಕ್ಕಳಲ್ಲಿ ಕಾಣುವ ಆನುವಂಶಿಕ ಕಾಯಿಲೆ) ಮತ್ತು ಎಎಲ್‌ಎಸ್ (ಹೆಚ್ಚಾಗಿ ದೊಡ್ಡವರಲ್ಲಿ ಕಾಣುವುದು) ಎರಡರಲ್ಲೂ ಸ್ನಾಯುಗಳನ್ನು ಆಡಿಸುವ ನರಕೋಶಗಳು, ಅಂದರೆ ಮೋಟರ್ ನ್ಯೂರಾನ್‌ಗಳು, ಸಾಯುತ್ತಾ ಹೋಗುತ್ತವೆ. ಈ ಕಾಯಿಲೆ ಇರುವವರ ಮನೆಯಿಂದ ಈ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. "ಇಂಜೆಕ್ಷನ್ ಆದ ಎಷ್ಟು ತಿಂಗಳಿಗೆ ಮೊದಲಿನ ಹಾಗೆ ಆಗುತ್ತಾರೆ?" ಎಂಬುದು ಒಂದು ವೇಷ. "ಈಗಿನ್ನೂ ಕೈಕಾಲು ಆಡುತ್ತಿವೆ, ಪೂರ್ತಿ ನಿಂತ ಮೇಲೆ ಹಾಕಿಸಿದರೆ ಆಗದೇ?" ಎಂಬುದು ಇನ್ನೊಂದು. ಎರಡನೆಯದು ಬರೀ ತಪ್ಪಲ್ಲ, ಅಪಾಯಕಾರಿ. ಎಸ್‌ಎಂಎಗಾಗಲಿ ಎಎಲ್‌ಎಸ್‌ಗಾಗಲಿ ಇಂದು ಬಳಕೆಯಲ್ಲಿರುವ ಯಾವ ಜೀನ್ ಆಧಾರಿತ ಔಷಧವೂ ಬೆನ್ನುಹುರಿಯಲ್ಲಿ ಹೊಸ ಮೋಟರ್ ನ್ಯೂರಾನ್ ಹುಟ್ಟಿಸುವುದಿಲ್ಲ. ಇನ್ನೂ ಬದುಕಿರುವುದನ್ನು ಉಳಿಸುತ್ತದೆ, ಅಷ್ಟೇ.

"ಹಾಗಾದರೆ ಚಿಕಿತ್ಸೆ ಪಡೆದ ಎಸ್‌ಎಂಎ ಮಗು ವಿಡಿಯೋದಲ್ಲಿ ಎದ್ದು ಕೂತಿದ್ದು ಹೇಗೆ?" ಸರಿಯಾದ ಪ್ರಶ್ನೆ. ಬೆನ್ನುಹುರಿಯಲ್ಲಿ ಬರೀ ಬದುಕಿದ ಕೋಶ, ಸತ್ತ ಕೋಶ ಎಂಬ ಎರಡೇ ಗುಂಪಿಲ್ಲ, ನಡುವೆ ಮೂರನೆಯದೊಂದಿದೆ. ಅದು ಸತ್ತಿಲ್ಲ, ಆದರೆ ಬದುಕಲು ಬೇಕಾದ ಎಸ್‌ಎಂಎನ್ ಎಂಬ ಪ್ರೋಟೀನ್ ಸಾಲದೆ ಸೊರಗಿದೆ. ಸ್ನಾಯುವಿಗೆ ಸಂದೇಶ ಸರಿಯಾಗಿ ಮುಟ್ಟಿಸಲಾರದು. ಪ್ರೋಟೀನ್ ಸಿಕ್ಕಿದರೆ ಈ ಗುಂಪು ಚೇತರಿಸಿಕೊಳ್ಳುತ್ತದೆ. ಜೊತೆಗೆ, ನರ ಕಳೆದುಕೊಂಡ ಸ್ನಾಯು ಎಳೆಗಳಿಗೆ ಪಕ್ಕದ ಬದುಕಿರುವ ನರಕೋಶ ಹೊಸ ಕವಲು ಚಾಚಿ ಅವನ್ನೂ ತನ್ನ ಸುಪರ್ದಿಗೆ ತೆಗೆದುಕೊಳ್ಳುತ್ತದೆ. ಅದರ ಮೇಲೆ ಮಗುವಿನ ಸಹಜ ಬೆಳವಣಿಗೆ ಬೇರೆ. ನೋಡುವವರ ಕಣ್ಣಿಗೆ ಸತ್ತದ್ದು ಎದ್ದು ಬಂದಂತೆ ಕಾಣುವುದು ಈ ಮೂರೂ ಸೇರಿದ್ದರಿಂದ. ಆದರೆ ಕವಲು ಚಾಚುವುದಕ್ಕೂ ಮಿತಿಯಿದೆ. ಉಳಿದ ಕೋಶಗಳು ಹಿಡಿಯಷ್ಟಾದರೆ ಹೊರೆ ಹೊರುವವರೇ ಇರುವುದಿಲ್ಲ. ಬಹುಕಾಲ ನರವಿಲ್ಲದೆ ಉಳಿದ ಸ್ನಾಯು ಕ್ಷೀಣಿಸಿ, ಕೊಬ್ಬು ಮತ್ತು ನಾರು ಆ ಜಾಗ ತುಂಬುತ್ತವೆ. ಆಮೇಲೆ ಕವಲು ಬಂದರೂ ಹಿಡಿದುಕೊಳ್ಳಲು ಅಲ್ಲೇನೂ ಇರದು.

ಮಾತು ಸಾಲದು ಎನ್ನುವವರಿಗೆ ಅಂಕಿಗಳಿವೆ. ಎಸ್‌ಎಂಎಗೆ ಕೊಡುವ ನ್ಯುಸಿನರ್ಸೆನ್ ಔಷಧದ ಎಂಡಿಯರ್ ಪ್ರಯೋಗದಲ್ಲಿ, ಲಕ್ಷಣ ಕಾಣಿಸಿಕೊಂಡ ಮೇಲೆ ಔಷಧ ಪಡೆದ 73 ಶಿಶುಗಳಲ್ಲಿ ಆಧಾರವಿಲ್ಲದೆ ಕೂರಲು ಕಲಿತದ್ದು 6. ನರ್ಚರ್ ಪ್ರಯೋಗದಲ್ಲಿ ಲಕ್ಷಣ ಕಾಣುವ ಮೊದಲೇ, ಹುಟ್ಟಿದ ಆರು ವಾರದೊಳಗೆ ಅದೇ ಔಷಧ ಶುರುಮಾಡಿದ 25 ಶಿಶುಗಳಲ್ಲಿ ಕೂರಲು ಕಲಿತದ್ದು 25. ಎರಡನೆಯ ಗುಂಪಿನ ಕೆಲವರದು ಸ್ವಲ್ಪ ಸೌಮ್ಯ ರೂಪ ಎಂದು ತಕರಾರು ತೆಗೆಯಬಹುದು. ಆದರೆ ಆ 25ರಲ್ಲಿ 15 ಮಕ್ಕಳಿಗೆ ಎಸ್‌ಎಂಎನ್ ಪ್ರೋಟೀನನ್ನು ಅಲ್ಪಸ್ವಲ್ಪ ತಯಾರಿಸುವ ಎಸ್‌ಎಂಎನ್2 ಜೀನ್ ಎರಡೇ ಪ್ರತಿ ಇತ್ತು, ಅಂದರೆ ಬಹುತೇಕ ತೀವ್ರ ರೂಪವೇ ಬರಬೇಕಿದ್ದವರು. ಅವರೂ ಕೂತರು. ಔಷಧ ಬದಲಾಗಲಿಲ್ಲ, ಉಳಿಸಲು ಎಷ್ಟು ಕೋಶ ಬಾಕಿ ಇತ್ತು ಎಂಬುದು ಬದಲಾಯಿತು. ನವಜಾತ ಶಿಶುಗಳ ತಪಾಸಣೆಯಲ್ಲಿ ಎಸ್‌ಎಂಎ ಸೇರಿಸಬೇಕೆಂದು ವೈದ್ಯರು ಪಟ್ಟು ಹಿಡಿಯುವುದು ಇದಕ್ಕೇ.

ಔಷಧ ಕೆಟ್ಟ ಜೀನನ್ನು ಕಿತ್ತುಹಾಕುತ್ತದೆ ಎಂಬುದೂ ಇದೇ ಭ್ರಮೆಯ ಮರಿ. ಎಸ್‌ಎಂಎಯಲ್ಲಿ ಆ ಪ್ರೋಟೀನ್ ತಯಾರಿಸುವ ಮುಖ್ಯ ಜೀನ್ ಎಸ್‌ಎಂಎನ್1 ಇಲ್ಲ ಅಥವಾ ಕೆಟ್ಟಿದೆ. ಅದರ ಜೋಡಿ ಎಸ್‌ಎಂಎನ್2 ಇದೆ, ಆದರೆ ಅದರ ಏಳನೆಯ ಎಕ್ಸಾನ್‌ನಲ್ಲಿ (ಪ್ರೋಟೀನಿನ ಸೂಚನೆ ಇರುವ ತುಣುಕು) ಡಿಎನ್‌ಎ ಅಕ್ಷರ ಸಿ ಇರಬೇಕಾದಲ್ಲಿ ಟಿ ಇದೆ. ಒಂದು ಅಕ್ಷರದ ಈ ವ್ಯತ್ಯಾಸಕ್ಕೆ ತುಣುಕುಗಳ ಜೋಡಣೆಯಲ್ಲಿ ಆ ಎಕ್ಸಾನ್ ಬಹುಪಾಲು ಬಿಟ್ಟುಹೋಗಿ, ಪೂರ್ಣ ಪ್ರೋಟೀನ್ ಸುಮಾರು ಶೇ. 10ರಷ್ಟೇ ತಯಾರಾಗುತ್ತದೆ. ನ್ಯುಸಿನರ್ಸೆನ್ ಆ ಎಕ್ಸಾನನ್ನು ಬಿಡಿಸುವ ಗುರುತಿನ ಮೇಲೆ ಅಂಟಿಕೊಂಡು ಅದನ್ನು ಮುಚ್ಚುತ್ತದೆ. ಮೊದಲಿನಿಂದ ರೂಢಿಯಲ್ಲಿರುವ ಪ್ರಮಾಣ 12 ಮಿ.ಗ್ರಾಂ: 5 ಮಿ.ಲೀ. ಬೆನ್ನುಹುರಿ ದ್ರವ ತೆಗೆದು, ಅಷ್ಟೇ ಔಷಧ ತುಂಬುತ್ತಾರೆ. ಮೊದಲ ಎರಡು ತಿಂಗಳಲ್ಲಿ ನಾಲ್ಕು ಸಲ, ಆಮೇಲೆ ನಾಲ್ಕು ತಿಂಗಳಿಗೊಮ್ಮೆ. ಜೀನ್ ಇದ್ದಲ್ಲೇ ಇದ್ದಹಾಗೇ ಇರುತ್ತದೆ.

ಎಎಲ್‌ಎಸ್‌ನ ಎಸ್‌ಒಡಿ1 ಜೀನ್ ಕೆಟ್ಟು ಬರುವ ರೂಪದಲ್ಲಿ ಲೆಕ್ಕ ತಿರುಗಾಮುರುಗ. ಅಲ್ಲಿ ಪ್ರೋಟೀನ್ ಕೊರತೆಯಲ್ಲ, ಕೆಟ್ಟ ಪ್ರೋಟೀನಿನ ವಿಷ. ಟೊಫರ್ಸೆನ್ ಎಂಬ ಔಷಧ ಆ ಪ್ರೋಟೀನಿನ ಸೂಚನೆ ಹೊತ್ತ ಆರ್‌ಎನ್‌ಎಯನ್ನು ಒಡೆಸುತ್ತದೆ: 100 ಮಿ.ಗ್ರಾಂ, 14 ದಿನಕ್ಕೊಂದರಂತೆ ಮೂರು ಸಲ, ನಂತರ 28 ದಿನಕ್ಕೊಮ್ಮೆ, ಇದೂ ಬೆನ್ನುಹುರಿ ದ್ರವಕ್ಕೇ. ಪ್ರಯೋಗದಲ್ಲಿ ನರ ಸವೆತದ ಗುರುತಾದ ನ್ಯೂರೋಫಿಲಮೆಂಟ್ ರಕ್ತದಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಆದರೆ 28 ವಾರಕ್ಕೆ ರೋಗಿಗಳ ಚಟುವಟಿಕೆಯ ಅಂಕದಲ್ಲಿ ಖಚಿತ ವ್ಯತ್ಯಾಸ ಸಿಗಲಿಲ್ಲ. 2023ರಲ್ಲಿ ಅಮೆರಿಕದಲ್ಲಿ ಸಿಕ್ಕ ಅನುಮತಿಗೆ ನ್ಯೂರೋಫಿಲಮೆಂಟ್ ಇಳಿಕೆಯೇ ಆಧಾರ. ಎಎಲ್‌ಎಸ್ ಇರುವ ನೂರು ಮಂದಿಯಲ್ಲಿ ಎಸ್‌ಒಡಿ1 ದೋಷ ಇರುವವರು ಸುಮಾರು ಇಬ್ಬರು. ಉಳಿದವರಿಗೆ ಈ ಔಷಧದಿಂದ ಪ್ರಯೋಜನವಿಲ್ಲ. ಹಾಗಾಗಿ ಮೊದಲು ಜೀನ್ ಪರೀಕ್ಷೆ. "ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ" ಎಂಬುದು ಪರೀಕ್ಷೆ ಬಿಡಲು ಕಾರಣವಲ್ಲ.

ಇನ್ನು ಯಾರೂ ನೇರವಾಗಿ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ: ಎಸ್‌ಎಂಎಯ ಜೀನ್ ಚಿಕಿತ್ಸೆಯಾದ ಒನಾಸೆಮ್ನೊಜೀನ್ ಒಂದೇ ಸಲ ಏಕೆ? ಇಲ್ಲಿ ಎಎವಿ9 ಎಂಬ ವೈರಸ್ ಚಿಪ್ಪಿನೊಳಗೆ ಎಸ್‌ಎಂಎನ್ ಜೀನಿನ ಪ್ರತಿ ಹೋಗುತ್ತದೆ. ಅದು ವರ್ಣತಂತುವಿಗೆ ಬಹುತೇಕ ಸೇರದೆ ಕೋಶಕೇಂದ್ರದಲ್ಲಿ ಪ್ರತ್ಯೇಕವಾಗಿ ಉಳಿಯುತ್ತದೆ. ಮೋಟರ್ ನ್ಯೂರಾನ್ ವಿಭಜನೆಯಾಗುವುದಿಲ್ಲ, ಆದ್ದರಿಂದ ಪ್ರತಿ ಕಳೆಯುವುದೂ ಇಲ್ಲ. (ಸತ್ತ ನ್ಯೂರಾನಿನ ಜಾಗಕ್ಕೆ ಇನ್ನೊಂದು ಬಾರದಿರುವುದಕ್ಕೂ ಇದೇ ಕಾರಣ, ವರವೂ ಶಾಪವೂ ಒಂದೇ ಗಂಟಿನಲ್ಲಿ.) ಎರಡನೆಯ ಸಲಕ್ಕೆ ಅಡ್ಡ ಬರುವುದು ದೇಹದ ರಕ್ಷಣಾ ವ್ಯವಸ್ಥೆ: ಮೊದಲ ಸಲವೇ ಚಿಪ್ಪಿನ ವಿರುದ್ಧ ಪ್ರತಿಕಾಯ ಎದ್ದು ನಿಂತಿರುತ್ತದೆ.

ರಕ್ತನಾಳಕ್ಕೆ ಕೊಡುವ ಪ್ರಮಾಣ ಪ್ರತಿ ಕೆ.ಜಿ.ಗೆ 110 ಲಕ್ಷ ಕೋಟಿ ವೈರಸ್ ಪ್ರತಿ, 60 ನಿಮಿಷದಲ್ಲಿ. ಅದರಲ್ಲಿ ಬಹಳಷ್ಟು ಯಕೃತ್ತಿಗೆ ಹೋಗಿ ಕೂರುತ್ತದೆ, ಕೆಡುವುದೂ ಮೊದಲು ಅಲ್ಲೇ. ಅದನ್ನು ತಡೆಯಲು ಹಿಂದಿನ ದಿನದಿಂದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ ಕೆ.ಜಿ.ಗೆ 1 ಮಿ.ಗ್ರಾಂ, ಕನಿಷ್ಠ 30 ದಿನ. ಯಕೃತ್ತಿನ ಪರೀಕ್ಷೆ ಸರಿಯಿದ್ದರೆ ಮುಂದಿನ 28 ದಿನಗಳಲ್ಲಿ ಹಂತಹಂತವಾಗಿ ಇಳಿಕೆ. ಮಗು ಲವಲವಿಕೆಯಿಂದಿದೆ ಎಂದು ಮಧ್ಯದಲ್ಲಿ ನಿಲ್ಲಿಸಿದರೆ ಯಕೃತ್ತಿನ ಉರಿಯೂತ ಭುಗಿಲೇಳಬಹುದು. ಪ್ಲೇಟ್‌ಲೆಟ್ ಎಣಿಕೆಯೂ ಮೊದಲ ತಿಂಗಳು ವಾರವಾರ ಆಗಬೇಕು.

ಕೊಡುವ ಮೊದಲು ಎಎವಿ9 ಪ್ರತಿಕಾಯದ ಮಟ್ಟ 1:50 ದಾಟಿಲ್ಲವೆಂದು ನೋಡುತ್ತಾರೆ. ದಾಟಿದ್ದರೆ ಹತಾಶರಾಗಬೇಕಿಲ್ಲ, ಎಳೆ ಶಿಶುವಿನಲ್ಲಿ ಅದು ತಾಯಿಯಿಂದ ಬಂದದ್ದಾಗಿದ್ದರೆ ತಾನಾಗಿ ಇಳಿಯುತ್ತದೆ, ಮತ್ತೆ ಪರೀಕ್ಷಿಸಬಹುದು. ಆದರೆ ಆ ಕಾಯುವ ವಾರಗಳಲ್ಲಿ ಸುಮ್ಮನೆ ಕೂರಬಾರದು. ನ್ಯುಸಿನರ್ಸೆನ್ ಅಥವಾ ಬಾಯಿಗೆ ಹಾಕುವ ರಿಸ್ಡಿಪ್ಲಾಮ್ ಶುರುಮಾಡಬಹುದೇ ಎಂದು ಅಂದೇ ಕೇಳಬೇಕು.