ಇಟ್ಟಿಗೆ ಗೋಡೆಯ ಚೆಂದ ಸಂದಿನಲ್ಲಿದೆ

ಒಂದೇ ಅಂತಸ್ತಿನ ಮನೆ ಕಟ್ಟಿಸುವವರು ಈಗೀಗ ಮೊದಲ ಭೇಟಿಯಲ್ಲೇ ಪ್ಲಾಸ್ಟರ್ ಮಾಡದ ಇಟ್ಟಿಗೆ ಗೋಡೆಯ ಫೋಟೋ ತೋರಿಸುತ್ತಾರೆ. ಮುಂದಕ್ಕೆ ಚಾಚಿದ ಇಟ್ಟಿಗೆ, ನಡುನಡುವೆ ತೂತು ಬಿಟ್ಟು ಕಟ್ಟುವ ಜಾಲಿ, ಓರೆಯಾಗಿ ಜೋಡಿಸಿದ ಸಾಲು, ಎಲ್ಲವೂ ಒಂದೇ ಮನೆಯಲ್ಲಿ ಬೇಕು ಅನ್ನುತ್ತಾರೆ. ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಒಂದು ಗೋಡೆ?

ಎತ್ತರದ ಕಟ್ಟಡದಲ್ಲಿ ಮೂರನೇ ಮಹಡಿಯ ಇಟ್ಟಿಗೆ ಕೆಲಸವನ್ನು ಯಾರೂ ಹತ್ತಿರದಿಂದ ನೋಡುವುದಿಲ್ಲ. ಇಲ್ಲಿ ಹಾಗಲ್ಲ. ಇಡೀ ಗೋಡೆ ಕಣ್ಣಳತೆಯಲ್ಲೇ ಇರುತ್ತದೆ, ಕೈಗೆ ಸಿಗುತ್ತದೆ. ಚಪ್ಪಲಿ ಬಿಡುವಾಗ ಅದಕ್ಕೆ ಕೈಯೂರುತ್ತೀರಿ. ಸಾಲು ಸ್ವಲ್ಪ ಸೊಟ್ಟಗಾದರೂ ದಿನಾ ಕಾಣುತ್ತದೆ. ಹಾಗಾಗಿ ನಾಲ್ಕು ಕಡೆ ಸುಮಾರಾಗಿ ಮಾಡುವ ಬದಲು ಒಂದು ಕಡೆ ಅಚ್ಚುಕಟ್ಟಾಗಿ ಮಾಡಿಸಿ. ಬಾಗಿಲ ಪಕ್ಕದ ಗೋಡೆ ಆಗಬಹುದು, ಹೊರಗಿನಿಂದ ಜಗಲಿ ದಾಟಿ ಒಳಗೂ ಮುಂದುವರಿಯುವ ಗೋಡೆ ಆಗಬಹುದು. ನನಗೆ ಎರಡನೆಯದೇ ಇಷ್ಟ. ತಗ್ಗಾದ ಮನೆಯನ್ನು ಅದು ಉದ್ದಕ್ಕೆ ಎಳೆದು ತೋರಿಸುತ್ತದೆ.

ಈ ಉದ್ದದ ಗುಣವನ್ನು ಸಂದುಗಳಿಂದಲೇ, ಅಂದರೆ ಇಟ್ಟಿಗೆಗಳ ನಡುವೆ ಗಾರೆ ತುಂಬುವ ಜಾಗದಿಂದಲೇ, ಹೊರತಂದವರು ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್. ಶಿಕಾಗೋದಲ್ಲಿ 1910ರಲ್ಲಿ ಮುಗಿದ ರೋಬಿ ಹೌಸ್ ನೋಡಿ. ಅದಕ್ಕೆ ಮೂರು ಮಹಡಿ ಇದೆ, ಆದರೂ ನೆಲಕ್ಕೆ ಒರಗಿಕೊಂಡ ಹಾಗೆ ಕಾಣುತ್ತದೆ. ಚಾಚಿದ ಸೂರು ಒಂದು ಕಾರಣ, ತೆಳ್ಳಗೆ ಉದ್ದನೆಯ ಇಟ್ಟಿಗೆ ಇನ್ನೊಂದು. ಅದರ ಜೊತೆಗೆ ಅಡ್ಡ ಸಂದುಗಳನ್ನು ಒಳಕ್ಕೆ ಕೆರೆದು ನೆರಳು ಬೀಳುವಂತೆ ಮಾಡಿದ್ದಾರೆ. ನಿಂತ ಸಂದುಗಳಿಗೆ ಇಟ್ಟಿಗೆಯದೇ ಬಣ್ಣದ ಗಾರೆ ತುಂಬಿ ಕಾಣದ ಹಾಗೆ ಮಾಡಿದ್ದಾರೆ. ಕಣ್ಣಿಗೆ ಬೀಳುವುದು ಅಡ್ಡ ಗೆರೆ ಮಾತ್ರ. ತಗ್ಗು ಮನೆಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಾ?

ಇನ್ನು ಅಳತೆ. ಇಟ್ಟಿಗೆ ಗೋಡೆ ಕೆಡುವುದು ಹೆಚ್ಚಾಗಿ ನಕ್ಷೆಯಲ್ಲೇ. 190 ಮಿ.ಮೀ. ಉದ್ದ, 90 ಮಿ.ಮೀ. ಎತ್ತರದ ಇಟ್ಟಿಗೆ ತಗೊಳ್ಳಿ. 10 ಮಿ.ಮೀ. ಸಂದು ಸೇರಿಸಿದರೆ ಉದ್ದಕ್ಕೆ 200, ಎತ್ತರಕ್ಕೆ 100. ಅಂದರೆ 21 ವರಸೆಗೆ (ಇಟ್ಟಿಗೆಯ ಸಾಲಿಗೆ) ಸರಿಯಾಗಿ 2100 ಮಿ.ಮೀ., ಬಾಗಿಲಿನ ಎತ್ತರ ಬಂತು. ಕಿಟಕಿಯ ತಳ 9 ವರಸೆಗೆ. ಎರಡು ಕಿಟಕಿಗಳ ನಡುವಿನ ಗೋಡೆ 600 ಅಂತ ಬರೆಯಬಾರದು, 590 ಅಂತ ಬರೆಯಬೇಕು. ಮೂರು ಇಟ್ಟಿಗೆಗೆ ನಡುವೆ ಇರುವುದು ಎರಡೇ ಸಂದು, ಅಲ್ವಾ? ಕಿಟಕಿಗೆ ಬಿಡುವ ಜಾಗ 1200 ಅಲ್ಲ, 1210. ಆರು ಇಟ್ಟಿಗೆಯ ಜಾಗ ಬಿಟ್ಟರೆ ಸಂದು ಏಳು ಬರುತ್ತದೆ. ಈ ಲೆಕ್ಕ ತಪ್ಪಿದರೆ ಮೇಸ್ತ್ರಿ ಪ್ರತಿ ವರಸೆಯ ಕೊನೆಗೂ ಚೂರು ಕತ್ತರಿಸಿ ತುರುಕಬೇಕಾಗುತ್ತದೆ. ನಿಮಗೆ ಸಿಗುವ ಇಟ್ಟಿಗೆಯ ಅಳತೆ ಬೇರೆ ಇರಬಹುದು. ಅದಕ್ಕೇ ಇಟ್ಟಿಗೆ ಆರಿಸಿದ ಮೇಲೆ ನಕ್ಷೆ ಅಂತಿಮಗೊಳಿಸಿ.

ಸ್ವಿಚ್ಚು, ದೀಪ, ನಲ್ಲಿ ಎಲ್ಲಿ ಬರುತ್ತದೆ ಎಂಬುದೂ ಆಗಲೇ ತೀರ್ಮಾನವಾಗಬೇಕು. ಪ್ಲಾಸ್ಟರ್ ಮಾಡುವ ಗೋಡೆಯನ್ನು ಆಮೇಲೆ ಕೊರೆದು ಪೈಪು ಹಾಕಿ ಮುಚ್ಚಬಹುದು. ಇಲ್ಲಿ ಮುಚ್ಚಲು ಏನೂ ಇಲ್ಲ.

ಒಂದು ಇಟ್ಟಿಗೆ ದಪ್ಪದ, ಅಂದರೆ ಇಟ್ಟಿಗೆಯ ಉದ್ದದಷ್ಟು ದಪ್ಪದ ಗೋಡೆಯಲ್ಲಿ ಒಂದೇ ಮುಖ ಸಪಾಟಾಗಿ ಬರುತ್ತದೆ. ಇಟ್ಟಿಗೆಗಳ ಉದ್ದದಲ್ಲಿರುವ ಸಣ್ಣ ವ್ಯತ್ಯಾಸವೆಲ್ಲ ಇನ್ನೊಂದು ಮುಖಕ್ಕೆ ಹೋಗುತ್ತದೆ. ಯಾವ ಮುಖ ತೋರಿಸುವುದು ಅಂತ ಮೇಸ್ತ್ರಿಗೆ ಮೊದಲೇ ಹೇಳಿ. ಅವರು ಆ ಕಡೆಗೇ ದಾರ ಕಟ್ಟುತ್ತಾರೆ.

ವಿನ್ಯಾಸದಲ್ಲಿ ಜಾಸ್ತಿ ಕೇಳುವುದು ಎರಡು. ಒಂದು, ಸಂದಿನ ಮೇಲೆ ಸಂದು ಬರುವಂತೆ ನೇರವಾಗಿ ಪೇರಿಸುವುದು. ನೋಡಲು ಚೊಕ್ಕ, ಆದರೆ ಇಟ್ಟಿಗೆ ಇಟ್ಟಿಗೆಯನ್ನು ಹಿಡಿದುಕೊಳ್ಳುವುದಿಲ್ಲ. ಅಡ್ಡ ಸಂದುಗಳಲ್ಲಿ ಕಂಬಿ ಹಾಕದೆ ಹೀಗೆ ಕಟ್ಟಲೇಬೇಡಿ, ಚಾವಣಿಯ ಭಾರವನ್ನೂ ಅದರ ಮೇಲೆ ಹೊರಿಸಬೇಡಿ. ಇನ್ನೊಂದು, ಅಲ್ಲಲ್ಲಿ ಇಟ್ಟಿಗೆ ಮುಂದಕ್ಕೆ ಚಾಚುವುದು. 20-25 ಮಿ.ಮೀ. ಸಾಕು. ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುವ ಕಡೆ ಮಾಡಿಸಿದರೆ ನೆರಳೇ ವಿನ್ಯಾಸವಾಗುತ್ತದೆ. ಬಿಸಿಲೇ ಬೀಳದ ಗೋಡೆಯಲ್ಲಿ ಅದು ಸುಮ್ನೆ ಧೂಳು ಕೂರುವ ಜಾಗ.

ಮಳೆಗೆ ಒಡ್ಡಿಕೊಂಡ ಗೋಡೆಯಲ್ಲಿ ಸಂದನ್ನು ಆಳವಾಗಿ ಕೆರೆಯಬೇಡಿ, ಇಟ್ಟಿಗೆಯ ಅಂಚಿನಲ್ಲಿ ನೀರು ನಿಲ್ಲುತ್ತದೆ. ಗಾರೆ ಅರ್ಧ ಗಟ್ಟಿಯಾದಾಗ ದುಂಡನೆಯ ಸಲಾಕೆಯಿಂದ ಒತ್ತಿ ಎಳೆದ ಸಂದು ಅಲ್ಲಿಗೆ ಸರಿ. ಒತ್ತಿದ್ದರಿಂದ ಗಾರೆ ಬಿಗಿಯಾಗುತ್ತದೆ, ನೀರೂ ಜಾರುತ್ತದೆ. ಒಂದಂತಸ್ತಿನ ಮನೆಗೆ ಒಂದು ಅನುಕೂಲವಿದೆ: ಸೂರನ್ನು ಸ್ವಲ್ಪ ಚಾಚಿದರೆ ಗೋಡೆಯ ಬಹುಪಾಲು ನೆನೆಯದೆ ಉಳಿಯುತ್ತದೆ. ನೆಲದಿಂದ ನೀರು ಸಿಡಿಯುವ ಕೆಳಗಿನ ವರಸೆಗಳಿಗೆ ಮಾತ್ರ ಚೆನ್ನಾಗಿ ಸುಟ್ಟ ಗಟ್ಟಿ ಇಟ್ಟಿಗೆ ಬಳಸಿ.

ಕೆಲಸ ಶುರುವಾಗುವ ಮುಂಚೆ ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ತುಂಡು ಗೋಡೆ ಕಟ್ಟಿಸಿ. ಅದೇ ಇಟ್ಟಿಗೆ, ಅದೇ ಗಾರೆ, ಅದೇ ಮೇಸ್ತ್ರಿ. ಪೂರ್ತಿ ಒಣಗಲು ಬಿಡಿ. ಹಸಿ ಗಾರೆಯ ಬಣ್ಣ ಬೇರೆ, ಒಣಗಿದ ಮೇಲಿನ ಬಣ್ಣ ಬೇರೆ. ಬೆಳಗ್ಗೆ ನೋಡಿ, ಸಂಜೆ ನೋಡಿ. ಇದು ದಂಡದ ಖರ್ಚು ಅನ್ನುವವರಿದ್ದಾರೆ. ನಾನಂತೂ ಇದನ್ನು ಬಿಟ್ಟುಕೊಡುವುದಿಲ್ಲ. ಮುಂದೆ ತಕರಾರು ಬಂದರೆ ಎಲ್ಲರೂ ಬೊಟ್ಟು ಮಾಡಿ ತೋರಿಸುವುದು ಆ ತುಂಡನ್ನೇ. ಕಟ್ಟುವಾಗ ಎರಡು ಮೂರು ರಾಶಿಗಳಿಂದ ಇಟ್ಟಿಗೆ ಬೆರೆಸಿ ತೆಗೆಯಲು ಹೇಳಿ, ಇಲ್ಲದಿದ್ದರೆ ಬಣ್ಣ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಸಂಜೆ ಕೆಲಸ ಬಿಡುವಾಗ ಗೋಡೆಯ ತಲೆಗೆ ಹೊದಿಕೆ ಹಾಕಿಸಿ. ರಾತ್ರಿ ಮಳೆ ಬಂದರೆ ಹಸಿ ಗಾರೆ ಕೆಳಗೆಲ್ಲ ಇಳಿದು ಕಲೆಯಾಗುತ್ತದೆ.

ಮೊದಮೊದಲು ಗೋಡೆಯ ಮೇಲೆ ಬಿಳಿ ಉಪ್ಪು ಕಾಣಿಸಿದರೆ ಗಾಬರಿ ಬೇಡ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಪದೇ ಪದೇ ಬರುತ್ತಿದ್ದರೆ ಎಲ್ಲೋ ನೀರು ಸೇರುತ್ತಿದೆ, ಅದನ್ನು ಮೊದಲು ಹುಡುಕಿಸಿ. ಹೊಳಪಿಗೆ ವಾರ್ನಿಷ್ ಬಳಿಸಬೇಡಿ. ಒಳಗಿನ ತೇವ ಹೊರಬರಲಾರದೆ ಇಟ್ಟಿಗೆಯ ಮುಖ ಸಿಪ್ಪೆಯಂತೆ ಏಳುತ್ತದೆ. ಬಳಿಯಲೇಬೇಕಿದ್ದರೆ ಗೋಡೆ ಪೂರ್ತಿ ಒಣಗಿದ ಮೇಲೆ, ಆವಿಯನ್ನು ಹೊರಬಿಡುವಂಥ, ಮೇಲೆ ಪದರ ಕಟ್ಟದ ಲೇಪನ ಕೇಳಿ ಹಾಕಿಸಿ.